ತೆರೆಯದ ಅರಿಶಿನದ ಫೈಲು

ಮಂಡಿಪೇಟೆಯ ಮೆಣಸಿನಕಾಯಿ ಅಂಗಡಿಯ ಮೇಲಿನ ಪುಟ್ಟ ಸ್ಟುಡಿಯೊದಲ್ಲಿ ಕೂತು ನೇತ್ರಾವತಿ ಇನ್ನೂರಕ್ಕೂ ಹೆಚ್ಚು ಮದುವೆ ವಿಡಿಯೊಗಳನ್ನು ಎಡಿಟ್ ಮಾಡಿದ್ದಳು. ಫೈಲುಗಳ ಹಟಮಾರಿತನ ಅವಳಿಗೆ ಹೊಸದಲ್ಲ. ಆದರೆ ಹರಿಹರದ ಬಿಂದುವಿನ ಮದುವೆಯ ಒಂದು ಫೈಲು ಮಾತ್ರ ಮೂರು ದಿನದಿಂದ ಅವಳ ತಲೆ ತಿನ್ನುತ್ತಿತ್ತು. ಉಳಿದ ಎಪ್ಪತ್ತೆರಡೂ ಮರ್ಯಾದೆಯಿಂದ ತೆರೆದುಕೊಂಡಿದ್ದವು. ಅರಿಶಿನ ಶಾಸ್ತ್ರದ್ದನ್ನು ಎಡಿಟಿಂಗ್ ಸಾಫ್ಟ್‌ವೇರಿಗೆ ಎಳೆದು ಹಾಕಿದರೆ ಮಾತ್ರ, ತೆರೆಯಲಾಗದು ಎಂದು ಮುಖಕ್ಕೆ ಹೊಡೆದ ಹಾಗೆ ಉತ್ತರ ಬರುತ್ತಿತ್ತು.

ಹಾಳಾಗಿ ಹೋಗಲಿ ಅಂತ ಬಿಡುವ ಹಾಗೂ ಇರಲಿಲ್ಲ. ಬಿಂದುವಿನ ಅಜ್ಜಿ ಉಚ್ಚೆಂಗೆಮ್ಮ ದಿನಾ ಬೆಳಿಗ್ಗೆ ಫೋನು ಮಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಆಕೆ ಯಾವ ಶುಭಕಾರ್ಯದಲ್ಲೂ ಮುಂದೆ ನಿಂತವಳಲ್ಲ. ಈ ಸಲ ಮೊಮ್ಮಗಳು, ಮೊದಲ ಅರಿಶಿನ ಅಜ್ಜಿಯದೇ ಎಂದು ಹಟ ಹಿಡಿದು ಕೈ ಎಳೆದು ತಂದಿದ್ದಳು. ಅಜ್ಜಿ ಅರಿಶಿನ ಹಚ್ಚಿದಳು, ಸೋಬಾನೆ ಪದವನ್ನೂ ಹಾಡಿದಳು.

“ನಾ ತಲೆನೇ ಎತ್ತಲಿಲ್ಲ ನೋಡವ್ವ,” ಎನ್ನುತ್ತಿದ್ದಳು ಫೋನಿನಲ್ಲಿ. “ನಮ್ಮ ಚೌಡಕ್ಕನ ಮುಖ ಹೆಂಗಿತ್ತೋ ಏನೋ. ಕೇಳಾಕ ಧೈರ್ಯ ಇಲ್ಲ. ನಿನ್ ವಿಡಿಯೊದಾಗೇ ನೋಡ್ಬೇಕು.”

ಚೌಡವ್ವ ಆಕೆಯ ಹಿರಿಯ ಓರಗಿತ್ತಿ, ಪಕ್ಕದ ಮನೆಯವಳು. ಶಾಸ್ತ್ರದ ವಿಷಯದಲ್ಲಿ ಯಾರನ್ನೂ ಸುಮ್ಮನೆ ಬಿಡುವವಳಲ್ಲ. ಅಂಥವಳು ಮದುವೆ ಮುಗಿದು ತಿಂಗಳಾದರೂ ಅರಿಶಿನದ ಬಗ್ಗೆ ತುಟಿ ಪಿಟಕ್ಕೆಂದಿರಲಿಲ್ಲ.

ನೇತ್ರಾವತಿ ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಫೈಲನ್ನು ಮತ್ತೆ ಕಾಪಿ ಮಾಡಿದಳು. ಬೇರೆ ಪ್ಲೇಯರು, ಬೇರೆ ಕಂಪ್ಯೂಟರು ಎಲ್ಲ ಆಯಿತು. ಊಹೂಂ. ಆದರೆ ಅದರ ಗಾತ್ರ ಆರು ಜಿಬಿ ಇತ್ತು. ಖಾಲಿ ಫೈಲು ಅಷ್ಟು ತೂಗುವುದಿಲ್ಲ. ಅಜ್ಜಿ ಒಳಗೇ ಇದ್ದಾಳೆ ಎಂದು ಅವಳಿಗೆ ಖಾತ್ರಿಯಾಯಿತು. ಲ್ಯಾಪ್‌ಟಾಪ್ ಹೆಗಲಿಗೇರಿಸಿ ಹರಿಹರದ ಬಸ್ಸು ಹತ್ತಿದವಳು ಸೀದಾ ಕ್ಯಾಮೆರಾಮನ್ ಸಿದ್ದೇಶನ ಮನೆಗೆ ಹೋದಳು.

“ರೆಕಾರ್ಡಿಂಗ್ ಹೆಂಗೆ ನಿಲ್ಲಿಸ್ದೆ? ಖರೆ ಹೇಳು.”

ಸಿದ್ದೇಶ ತಲೆ ಕೆರೆದುಕೊಂಡ. “ಅರಿಶಿನ ಮುಗೀತಿದ್ದಂಗೆ ಹೆಣ್ಮಕ್ಳು ಓಕುಳಿ ಬಿಂದಿಗೆ ಹಿಡ್ಕಂಡು ನನ್ ಕಡೆನೇ ಬಂದ್ರಕ್ಕ. ನೀರು ಬಿದ್ರೂ ಕ್ಯಾಮೆರಾ ಸುಡಬಾರ್ದು ಅಂತ ಬ್ಯಾಟ್ರಿ ಕಿತ್ತು ಜೇಬಿಗೆ ಹಾಕ್ಕಂಡೆ.”

“ಸ್ಟಾಪ್ ಒತ್ತಲಿಲ್ಲ?”

“ಬಿಂದಿಗೆ ಅಷ್ಟು ಹತ್ರ ಬಂದಿತ್ತು.”

ನೇತ್ರಾವತಿಗೆ ಸಿಟ್ಟಿಗಿಂತ ನಗುವೇ ಮುಂದೆ ಬಂತು. ಯಾವ ದೃಶ್ಯ ಎಲ್ಲಿದೆ ಎಂಬ ಪಟ್ಟಿಯನ್ನು ಕ್ಯಾಮೆರಾ ಬರೆಯುವುದೇ ರೆಕಾರ್ಡಿಂಗ್ ನಿಲ್ಲಿಸಿದಾಗ. ಈ ಪುಣ್ಯಾತ್ಮ ಅದಕ್ಕೆ ಪುರಸೊತ್ತೇ ಕೊಟ್ಟಿರಲಿಲ್ಲ. ದುರಸ್ತಿ ಸಾಫ್ಟ್‌ವೇರ್ ಆ ಪಟ್ಟಿಯನ್ನು ಹೊಸದಾಗಿ ಕಟ್ಟಬಲ್ಲದು, ಆದರೆ ಅದೇ ಕ್ಯಾಮೆರಾದ ಸರಿಯಾದ ಫೈಲೊಂದು ಮಾದರಿಗೆ ಬೇಕು. ಹೊಸ ಕ್ಯಾಮೆರಾ ಒದ್ದೆಯಾದೀತೆಂದು ಅರಿಶಿನವನ್ನು ಮಾತ್ರ ಅವನು ಹಳೆಯದರಲ್ಲಿ ತೆಗೆದಿದ್ದ. ಅದರ ಹಿಂದಿನ ಫೈಲುಗಳನ್ನೆಲ್ಲ ಅಳಿಸಿಬಿಟ್ಟಿದ್ದ, ಆಮೇಲೆ ಅದನ್ನು ಮುಟ್ಟಿಯೇ ಇರಲಿಲ್ಲ. ಮಾದರಿಗೆ ಹೊಸದಾಗಿಯೇ ಏನಾದರೂ ತೆಗೆಯಬೇಕಿತ್ತು.

ಇಬ್ಬರೂ ತುಂಗಭದ್ರೆಯ ದಂಡೆಗೆ ಹೋದರು. ಮೈ ತೊಳೆಸಿಕೊಳ್ಳುತ್ತಿದ್ದ ಎಮ್ಮೆಯನ್ನು ಸಿದ್ದೇಶ ಎರಡು ನಿಮಿಷ ತೆಗೆದು, ನೇತ್ರಾವತಿಯ ಮುಖ ನೋಡುತ್ತ ಸ್ಟಾಪ್ ಒತ್ತಿದ. ಆ ಎಮ್ಮೆಯನ್ನೇ ಮಾದರಿ ಮಾಡಿಕೊಂಡು ಸಾಫ್ಟ್‌ವೇರ್ ಅರ್ಧ ಗಂಟೆ ಗುದ್ದಾಡಿತು. ಫೈಲು ತೆರೆಯಿತು. ಕೊನೆಯ ಎರಡು ಸೆಕೆಂಡು ಮಾತ್ರ ಹೋಗಿತ್ತು.

ಅಂದು ಸಂಜೆ ಉಚ್ಚೆಂಗೆಮ್ಮ ತನ್ನ ಮನೆಯಲ್ಲಿ ನೇತ್ರಾವತಿಯ ಲ್ಯಾಪ್‌ಟಾಪಿನ ಮುಂದೆ ಮೊಣಕಾಲು ಅಪ್ಪಿ ಕೂತಳು. ಬಿಂದುವಿನ ಕೆನ್ನೆಯ ಮೇಲಿನ ತನ್ನ ಕೈಯನ್ನು ಆಕೆ ನೋಡಲೇ ಇಲ್ಲ. ಕಣ್ಣೆಲ್ಲ ಹಿಂದಿನ ಸಾಲಿನ ಚೌಡವ್ವನ ಮೇಲೆ. ಆ ಮುಖ ಬಿಗಿದುಕೊಂಡಿತ್ತು. ಹಾಡುತ್ತಿದ್ದ ಉಚ್ಚೆಂಗೆಮ್ಮನ ದನಿ ಮೂರನೇ ಸೊಲ್ಲಿಗೆ ತಡವರಿಸಿ ನಿಂತಿತು. ಆಗ ಚೌಡವ್ವ ಸೆರಗು ಸರಿಮಾಡಿಕೊಂಡು ಆ ಸೊಲ್ಲನ್ನು ಎತ್ತಿಕೊಟ್ಟಳು. ಉಳಿದ ಹೆಂಗಸರೆಲ್ಲ ದನಿಗೂಡಿಸಿದರು.

“ಅದನ್ನ ಹಾಡಿದಾಕಿ ಚೌಡಕ್ಕನಾ?” ಎಂದಳು ಅಜ್ಜಿ. “ನಾ ಯಾರೋ ಅನ್ಕಂಡಿದ್ನಲ್ಲ.” ಎದೆ ಹಗುರಾಗಿ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳುವ ಗೋಜಿಗೂ ಹೋಗದೆ ಎದ್ದು ಹಿತ್ತಲ ಗೋಡೆಯ ಹತ್ತಿರ ನಿಂತಳು.

“ಯಕ್ಕಾ, ಅವತ್ತು ಪದ ಎತ್ತಿಕೊಟ್ಟಾಕಿ ನೀನಾ?”

ಆ ಕಡೆ ಪಾತ್ರೆ ತಿಕ್ಕುವ ಸದ್ದು ನಿಂತಿತು.

“ಮತ್ತ್ಯಾರು ಎತ್ತಿಕೊಡ್ಬೇಕಿತ್ತು ನಿಂಗೆ?” ಎಂದಳು ಚೌಡವ್ವ.