ವಿಭೂತಿಯೊಳಗಿನ ಬಿಲ್ಲೆ

ಪ್ರಭುಲಿಂಗಯ್ಯನ ಮುಖ ಕಂಡರೆ ದಾನಯ್ಯನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥವನು ಈಗ ಅವನ ಕೋಣೆಗೇ ನುಗ್ಗಿ ಟ್ರಂಕು, ಹಾಸಿಗೆ, ಅಕ್ಕಿ ಡಬ್ಬಿ ಎಲ್ಲವನ್ನೂ ನೆಲಕ್ಕೆ ಸುರುವುತ್ತಿದ್ದ.

"ನನ್ನ ಬಿಲ್ಲೆ ಎಲ್ಲಿಟ್ಟೀಯೋ?"

"ಗಂಗಾದಾಗ ಒಗದೀನಿ."

"ಸುಳ್ಳ ಬೊಗಳಬ್ಯಾಡ. ನೀ ಪ್ರಾಣ ಬಿಟ್ಟರೂ ಬಿಲ್ಲೆ ಬಿಡಾಂವಲ್ಲ."

ಅದು ನಿಜ. ಗಂಗೆಯ ದಂಡೆಯ ಶಿವಾಲದ ಆ ಸಣ್ಣ ಕನ್ನಡ ಮಠಕ್ಕೆ ವಿಭೂತಿ ಗಟ್ಟಿ ಮಾಡುವ ಕೆಲಸ ದಾನಯ್ಯನದು. ಐವತ್ತೆರಡನೇ ಇಸವಿಯಿಂದ ಪ್ರತಿ ಚುನಾವಣೆಯಲ್ಲೂ ಪಕ್ಷಗಳ ಚಿಹ್ನೆಯ ತಗಡಿನ ಬಿಲ್ಲೆ ಕೂಡಿಸುತ್ತ ಬಂದಿದ್ದ. ಜೋಡೆತ್ತು, ದೀಪ, ಗುಡಿಸಲು, ಯಾವುದಾದರೂ ಆದೀತು, ಆದರೆ ಹೊಸದನ್ನು ಮುಟ್ಟುತ್ತಿರಲಿಲ್ಲ. ಯಾರಾದರೂ ಎದೆಗೆ ಚುಚ್ಚಿಕೊಂಡು ಮೆರೆದದ್ದೇ ಬೇಕು, ಜೊತೆಗೆ ಅವರ ಕೈಬರಹದಲ್ಲೇ ಹೆಸರು, ತಾರೀಖಿನ ಚೀಟಿ ಬೇಕು. ಗಂಗೆಯ ತೇವಕ್ಕೆ ತಗಡು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಅದಕ್ಕೆ ಬಿಲ್ಲೆಯನ್ನು ಚೀಟಿಯ ಸಮೇತ ಮೇಣದ ಬಟ್ಟೆಯಲ್ಲಿ ಸುತ್ತಿ, ಹಸಿ ಭಸ್ಮದೊಳಗೆ ಹುದುಗಿಸಿ, ಗಟ್ಟಿ ಮಾಡಿ ಒಣಗಿಸಿಡುತ್ತಿದ್ದ. ಅಡಿಯಲ್ಲಿ ಗುರುತಿಗೊಂದು ಉಗುರಿನ ಗೀರು. ಹಲಗೆಯ ಮೇಲೆ ಅಂಥ ಮೂವತ್ತೊಂದು ಗಟ್ಟಿಗಳಿದ್ದದ್ದು ನರಪಿಳ್ಳೆಗೂ ಗೊತ್ತಿರಲಿಲ್ಲ.

ತುರ್ತು ಪರಿಸ್ಥಿತಿಯಲ್ಲಿ ಪ್ರಭುಲಿಂಗಯ್ಯ ಮಠದ ಪಾರುಪತ್ಯಗಾರ, ಎದೆಯ ಮೇಲೆ ಆಳುವ ಪಕ್ಷದ ಹಸು-ಕರುವಿನ ಬಿಲ್ಲೆ. ಅದನ್ನವನು ತಾನಾಗಿಯೇ ದಾನಯ್ಯನಿಗೆ ಕೊಟ್ಟು, ಸೊಕ್ಕಿನಿಂದ ಚೀಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆದಿದ್ದ. ಅದೇ ದಿನ ಪೊಲೀಸರು ದಾನಯ್ಯನ ತಮ್ಮ ಶಿವಬಸಯ್ಯನನ್ನು ಎಳೆದೊಯ್ದಿದ್ದರು. ಹಿಡಿಸಿದವನು ಸ್ವಂತ ಅಣ್ಣನೇ ಎಂದು ಗಲ್ಲಿಯೆಲ್ಲ ಸಾರಿದವನೂ ಪ್ರಭುಲಿಂಗಯ್ಯನೇ. ತಮ್ಮನ ಹೆಂಡತಿ ಸಂಗಮ್ಮ ಅದನ್ನು ನಂಬಿದಳು. ದಾನಯ್ಯನನ್ನು ಭಾವ ಎಂದು ಕರೆಯುವುದನ್ನೇ ಬಿಟ್ಟಳು. ಜೈಲಿಗೆ ಬುತ್ತಿಯನ್ನೂ ಪ್ರಭುಲಿಂಗಯ್ಯನ ಕೈಯಲ್ಲೇ ಕಳಿಸಿದಳು.

ಚೀಟಿ ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ಅದನ್ನು ಎಲ್ಲಿಟ್ಟಿದ್ದೆ ಎಂದು ಎಲ್ಲರೂ ಕೇಳುತ್ತಾರೆ. ಪವಿತ್ರ ಭಸ್ಮದಲ್ಲಿ ತಗಡು ಹುಗಿದದ್ದು ಬಯಲಾದರೆ ಎಲ್ಲ ಗಟ್ಟಿಗಳೂ ಒಡೆಯುತ್ತವೆ, ಅನ್ನವೂ ಹೋಗುತ್ತದೆ. ದಾನಯ್ಯ ಬಾಯಿ ಹೊಲಿದುಕೊಂಡ. ಪ್ರಭುಲಿಂಗಯ್ಯನ ಮೇಲೆ ಹಲ್ಲು ಕಡಿಯುತ್ತ ಹತ್ತೊಂಬತ್ತು ತಿಂಗಳು ಕಳೆದ.

ಈಗ ಎಪ್ಪತ್ತೇಳರ ಏಪ್ರಿಲ್. ತಮ್ಮ ಕೆಮ್ಮುತ್ತ ಮನೆಗೆ ಬಂದಿದ್ದ, ದಿಲ್ಲಿಯಲ್ಲಿ ಸರ್ಕಾರ ಬದಲಾಗಿತ್ತು. ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ಪ್ರಭುಲಿಂಗಯ್ಯನನ್ನು ಮೀರಿಸುವವರಿಲ್ಲ, ಅವನೆದೆಯ ಮೇಲೆ ಗೆದ್ದ ಪಕ್ಷದ ನೇಗಿಲು ಹೊತ್ತ ರೈತ ಬಂದಿದ್ದ. ಕಷ್ಟಕಾಲದಲ್ಲಿ ಜೈಲಿನವರ ಮನೆ ಕಾದವನೆಂದು ಇವತ್ತು ಸಂಜೆ ಮಠದ ಅಂಗಳದಲ್ಲಿ ಅವನಿಗೇ ಸನ್ಮಾನ.

ಹುಡುಕಿ ಸಾಕಾಗಿ ಪ್ರಭುಲಿಂಗಯ್ಯ ಹೊಸಿಲು ದಾಟಿದ. "ಸಂಜೀಕ ಪ್ರಸಾದಕ್ಕ ಒಂದ ಛಲೋ ಗಟ್ಟಿ ತಗೊಂಡ ಬಾ. ನಾಳೆ ಖೋಲಿ ಖಾಲಿ ಮಾಡು."

ಸನ್ಮಾನ ಪಡೆದವನು ಹೊಸ ವಿಭೂತಿ ಗಟ್ಟಿಯನ್ನು ಕೈಯಾರೆ ಮುರಿದು ನೆರೆದವರಿಗೆ ಹಂಚುವುದು ಆ ಮಠದ ಪದ್ಧತಿ. ದಾನಯ್ಯ ಹಲಗೆಯ ಮುಂದೆ ಬಹಳ ಹೊತ್ತು ನಿಂತ. ಕೊನೆಗೆ ಗೀರು ತಡವಿ ನೋಡಿ ಒಂದನ್ನು ಎತ್ತಿಕೊಂಡ.

"ಶಿವಬಸು ನನ್ನ ಒಡಹುಟ್ಟಿದಾಂವ ಇದ್ದಂಗ," ಪ್ರಭುಲಿಂಗಯ್ಯ ಸಂಜೆಯ ಸಭೆಯಲ್ಲಿ ಗದ್ಗದಿತನಾದ. "ಅವನ್ನ ಹಿಡಿಸಿದ ಪಾಪಿ ಇಲ್ಲೇ ಕುಂತಾನ." ಎಲ್ಲರೂ ದಾನಯ್ಯನತ್ತ ತಿರುಗಿದರು. ಮೊದಲ ಪ್ರಸಾದಕ್ಕೆ ಗಂಡನ ಪಕ್ಕದಿಂದೆದ್ದ ಸಂಗಮ್ಮ ಬೊಗಸೆ ಒಡ್ಡಿದಳು. ಗಟ್ಟಿ ಮುರಿಯಿತು. ಭಸ್ಮದ ಜೊತೆ ಮೇಣದ ಬಟ್ಟೆಯ ಗಂಟೊಂದು ಅವಳ ಬೊಗಸೆಗೇ ಬಿತ್ತು.

ಅವಳು ಬಿಚ್ಚಿದಳು. ಹಸು-ಕರು ನಿನ್ನೆ ಮಾಡಿದಂತೆ ಹೊಳೆಯುತ್ತಿತ್ತು. ಚೀಟಿಯನ್ನು ಗಟ್ಟಿಯಾಗಿ ಓದಿದಳು: "ಪ್ರಭುಲಿಂಗಯ್ಯ, ಎಂಟು ಆಗಸ್ಟ್ ಎಪ್ಪತ್ತೈದು. ದೇಶದ್ರೋಹಿ ಶಿವಬಸ್ಯಾನ್ನ ಹಿಡಿಸಿಕೊಟ್ಟ ದಿನ."

ಪ್ರಭುಲಿಂಗಯ್ಯ ದಾನಯ್ಯನತ್ತ ಬೆರಳು ಚಾಚಿದ. "ಭಸ್ಮದಾಗ ತಗಡು! ಈ ಚಂಡಾಲ ಮಠಾನ ಮೈಲಿಗಿ ಮಾಡ್ಯಾನ." ಕೆಲವರು ಪ್ರಭುಲಿಂಗಯ್ಯನ ಕೊರಳಪಟ್ಟಿ ಹಿಡಿದರು, ಕೆಲವರು ದಾನಯ್ಯನ ಕೋಣೆಗೆ ಓಡಿದರು. ಗಟ್ಟಿಗಳು ಒಡೆಯುವ ಸದ್ದು ಅಂಗಳಕ್ಕೂ ಕೇಳಿಸಿತು. ದಾನಯ್ಯ ಏಳಲಿಲ್ಲ. ಹೋಗಲಿ, ಸಂಗಮ್ಮನಿಗೆ ಗೊತ್ತಾಯಿತಲ್ಲ ಎಂದುಕೊಂಡ.

ಅವಳು ನೇರವಾಗಿ ಅವನ ಬಳಿಗೆ ಬಂದಳು.

"ಈ ಮನಿಹಾಳಗ ನಾ ಹತ್ತೊಂಬತ್ತ ತಿಂಗಳ ಕೈಮುಗದು ಬುತ್ತಿ ಕೊಟ್ಟ ಕಳಿಸೀನಿ, ಭಾವಾ. ನೀವು ಇದನ್ನ ಇಟಗೊಂಡು ನೋಡಕೋತ ಕುಂತಿದ್ರಿ."

ಬಿಲ್ಲೆಯನ್ನು ಅವನ ಮಡಿಲಿಗೆ ಹಾಕಿ, ಕೈಯ ಭಸ್ಮವನ್ನು ಸೆರಗಿಗೆ ಒರೆಸಿಕೊಂಡು ಗಂಡನನ್ನು ಕರೆದುಕೊಂಡು ಹೋದಳು.