ಕನ್ನಡಿಯ ಮುಂದಿನ ಪಂಕ್ತಿ

ಕ್ಷೌರದಂಗಡಿಯಲ್ಲಿ ಊಟ ಹಾಕಬೇಕೆಂದು ಯಾರೂ ಲೆಕ್ಕಾಚಾರ ಹಾಕಿರಲಿಲ್ಲ. ಅಂಗಡಿಯಾತ ತೀರಿಕೊಂಡ ವಾರ, ಮಹಡಿಯ ಮೇಲಿನ ಮನೆ ಇಕ್ಕಟ್ಟೆಂದು ಅಕ್ಕಪಕ್ಕದವರು ತಾವು ತಂದ ಅಡುಗೆಯನ್ನು ಕೆಳಗೆ ಅಂಗಡಿಯಲ್ಲೇ ಇಳಿಸಿದರು. ಸಿಕ್ಕ ಕುರ್ಚಿಯಲ್ಲಿ ಕೂತರು. ಕ್ಷೌರದ ಕುರ್ಚಿ ಎಂದ ಮೇಲೆ ಮುಖ ಕನ್ನಡಿಯ ಕಡೆಗೇ ತಾನೆ! ಸಾವಿನ ಮನೆಯಲ್ಲಿ ಎದುರಿಗಿರುವವರ ಮುಖ ನೋಡುವುದು ಕಷ್ಟ; ಕನ್ನಡಿಯೊಳಗಿನವರನ್ನು ನೋಡಬಹುದು. ಅವರು ಯಾವುದೋ ಬೇರೆ ಊರಿನಲ್ಲಿ ಕೂತು ಉಣ್ಣುತ್ತಿರುವವರ ಹಾಗೆ ಕಾಣುತ್ತಾರೆ. ಬಿಸಿ ಬೇಳೆಯ ಹಬೆ ಗಾಜಿಗೆ ಅಡರಿ ಎಲ್ಲರ ಮುಖವೂ ಮೆಲ್ಲಗೆ ಕರಗಿತು. ಪಕ್ಕದ ಮನೆಯ ಮೇಷ್ಟರ ಜೊತೆ ಎಂದೋ ಮಾತು ಬಿಟ್ಟಿದ್ದ ಅಂಚೆಯಣ್ಣ, ಕನ್ನಡಿಯಲ್ಲಿ ಕಂಡ ಮೇಷ್ಟರಿಗೆ “ಸ್ವಲ್ಪ ಉಪ್ಪು ಕೊಡಿ ಈ ಕಡೆ” ಎಂದುಬಿಟ್ಟ. ಮುಂದಿನ ಭಾನುವಾರವೂ ಜನ ಪಾತ್ರೆ ಹಿಡಿದು ಬಂದರು.

ಅಂಗಡಿಯಾತನ ಹೆಂಡತಿಯನ್ನು ಇಡೀ ಬೀದಿ ‘ಅತ್ತಿಗೆ’ ಎನ್ನುತ್ತಿತ್ತು, ಅವಳ ನಾದಿನಿ ಹಾಗೆ ಕರೆಯುತ್ತಿದ್ದಳೆಂದು. ಆದರೆ ನಾದಿನಿ ಕರೆಯುತ್ತಿದ್ದುದು ಕನ್ನಡಿಯೊಳಗಿನ ಅತ್ತಿಗೆಯನ್ನು. ಅಣ್ಣನ ಕಾಯಿಲೆಯ ಸುದ್ದಿ ಅವಳಿಗೆ ತಲುಪಿದ್ದೇ ತಡವಾಗಿ. ಬಸ್ಸಿಳಿದು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಅವಳು ಅತ್ತಿಗೆಗೆ ಮುಖ ಕೊಟ್ಟು ಮಾತಾಡಿದವಳಲ್ಲ. ಹಾಗೆಂದು ಊರಿಗೂ ಹೋಗಲಿಲ್ಲ. ಉಳಿದಳು, ಗಂಟುಮುಖ ಹಾಕಿಕೊಂಡೇ ಈರುಳ್ಳಿ ಹೆಚ್ಚಿದಳು. “ಅತ್ತಿಗೆ, ಖಾರ ಸಾಕಾ?” ಎಂದು ಕನ್ನಡಿಯತ್ತ ನೋಡಿ ಕೇಳುವಳು. “ಸಾಕು ಕಣಮ್ಮ” ಎಂದು ಅತ್ತಿಗೆಯೂ ಕನ್ನಡಿಗೇ ಹೇಳುವಳು. ಅಷ್ಟಾದರೂ ಇದೆಯಲ್ಲ ಎಂದು ಅತ್ತಿಗೆಯ ಜೀವ ಸಮಾಧಾನ ಮಾಡಿಕೊಂಡಿತ್ತು.

ಬರಬರುತ್ತಾ ಜನ ಹೆಚ್ಚಿ ಅಂಗಡಿ ಸಾಲದಾಯಿತು. ಒಂದು ಭಾನುವಾರ ಲಾಂಡ್ರಿಯವಳು ಜಾಗ ಬಿಟ್ಟುಕೊಟ್ಟಳು, ಇನ್ನೊಂದು ಭಾನುವಾರ ಗ್ಯಾರೇಜಿನವನು. ಎಲ್ಲಿಗೆ ಹೋದರೂ ಕನ್ನಡಿಯನ್ನು ಗೋಡೆಯಿಂದ ಬಿಚ್ಚಿ ಹೊತ್ತೊಯ್ಯುತ್ತಿದ್ದರು. ಅದಿಲ್ಲದೆ ಯಾರಿಗೂ ತುತ್ತು ಇಳಿಯುತ್ತಿರಲಿಲ್ಲ. ಸಂಜೆಯ ಹೊತ್ತು ಆ ಉದ್ದನೆಯ ಗಾಜು ರಸ್ತೆಯಲ್ಲಿ ಸಾಗಿದರೆ ಅದರೊಳಗೆ ಮೋಡ, ಬಾಲ್ಕನಿ, ಒಣಹಾಕಿದ ಸೀರೆ, ಬೆಕ್ಕು ಎಲ್ಲ ತೇಲಿ ಹೋಗುತ್ತಿದ್ದವು. ಹಿಂದೆ ಪಾತ್ರೆ ಹಿಡಿದು ನಡೆಯುತ್ತಿದ್ದ ಅತ್ತಿಗೆಗೆ, ಇಡೀ ಬೀದಿಯೇ ನಿದ್ದೆಯಲ್ಲಿ ಎದ್ದು ಊಟಕ್ಕೆ ಹೊರಟಿದೆ ಅನ್ನಿಸುತ್ತಿತ್ತು.

ಕೊನೆಗೆ ಖಾಲಿ ಬಿದ್ದಿದ್ದ ಗೋದಾಮೊಂದು ಕಾಯಂ ಆಗಿ ಸಿಕ್ಕಿತು. ದೊಡ್ಡ ಒಲೆ, ಎತ್ತರದ ಕಿಟಕಿ. ಬೀದಿಗೆ ಬೀದಿಯೇ ಹಿಗ್ಗಿತು. ನಾದಿನಿ ಮಾತ್ರ ಶನಿವಾರ ಕನ್ನಡಿ ಒರೆಸುತ್ತಾ, “ನಿಮಗೊಂದು ನೆಲೆ ಆಯ್ತಲ್ಲ ಅತ್ತಿಗೆ. ನಾಳೆ ಊಟ ಬಡಿಸಿ ನಾನು ಹೊರಡ್ತೀನಿ” ಎಂದಳು.

ಅತ್ತಿಗೆ ಯೋಚಿಸಿದಳು: ಇವಳೂ ಹೋದರೆ ಮನೆಯಲ್ಲಿ ತನ್ನವರೆಂದು ಯಾರೂ ಉಳಿಯುವುದಿಲ್ಲ. ನಾಳೆ ಕನ್ನಡಿಯಲ್ಲಿ ಅವಳನ್ನು ನೋಡಿಕೊಂಡು ‘ಹೋಗಬೇಡ’ ಎಂದುಬಿಡೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಭಾನುವಾರ, ಗೋದಾಮಿಗೆ ಸುಣ್ಣ ಬಳಿದಿದ್ದ ಬಣ್ಣದವನು ಬಾಗಿಲಲ್ಲೇ ಅಡ್ಡ ನಿಂತ. “ಗೋಡೆ ಇನ್ನೂ ಹಸಿ ಇದೆ. ಒಂದು ಮೊಳೆ ಹೊಡೆದ್ರೂ ನಾನು ಸುಮ್ನಿರಲ್ಲ.” ಕನ್ನಡಿ ಅಂಗಡಿಯಲ್ಲೇ ಉಳಿಯಿತು.

ಜನ ಬಂದರು. ಯಾರೂ ಏನೂ ಹೇಳದೆಯೇ, ಅಭ್ಯಾಸಬಲದಿಂದ, ಕುರ್ಚಿಗಳನ್ನು ಸಾಲಾಗಿ ಗೋಡೆಗೆ ಎದುರಾಗಿ ಹಾಕಿಕೊಂಡು ಕೂತರು. ಎದುರಿಗೆ ಬರೀ ಬಿಳಿ ಸುಣ್ಣ. ರೊಟ್ಟಿ ಮುರಿಯುವ ಸದ್ದು ಬಿಟ್ಟರೆ ಪಿಟ್ಟೆನ್ನುವವರಿಲ್ಲ.

“ಏನ್ರೀ ಮೇಷ್ಟ್ರೇ,” ಎಂದ ಅಂಚೆಯಣ್ಣ ಗೋಡೆಗೆ, “ಹೋಂವರ್ಕ್ ಮಾಡದೆ ಬಂದವರ ಥರ ಕೂತಿದೀವಲ್ಲ!”

ಯಾರೋ ಕಿಸಕ್ಕೆಂದರು, ಆದರೂ ಯಾರೂ ತಿರುಗಲಿಲ್ಲ. ಸಾಲಿನ ತುದಿಯಲ್ಲಿ ನಾದಿನಿ, ಅವಳ ಪಕ್ಕದಲ್ಲಿ ಅತ್ತಿಗೆ. ಬಾಗಿಲ ಬಳಿ ಚೀಲ ಸಿದ್ಧವಾಗಿತ್ತು. ಅತ್ತಿಗೆ ಗೋಡೆ ನೋಡಿದಳು. ಅಲ್ಲಿ ಮುಖವಿಲ್ಲ. ಇಡೀ ಮೈಯನ್ನು ಕುರ್ಚಿ ಸಮೇತ ನಾದಿನಿಯ ಕಡೆ ತಿರುಗಿಸಿದಳು.

ಆ ಮುಖವನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತು! ಗಂಡನದೇ ಹುಬ್ಬು, ಗಂಡನದೇ ಮೂಗು.

“ಹೋಗಬೇಡ” ಎಂದಳು.

ನಾದಿನಿ ಗೋಡೆಯಿಂದ ಕಣ್ಣು ಕೀಳಲಿಲ್ಲ. “ಅಣ್ಣ ಕೊನೇಲಿ ನನ್ನ ಕೇಳಿದ್ನಾ?”

ಕನ್ನಡಿಯಲ್ಲಾಗಿದ್ದರೆ ‘ಹೂಂ, ಕೇಳಿದ್ರು’ ಎಂದು ಸಲೀಸಾಗಿ ಹೇಳಬಹುದಿತ್ತು.

“ಕೇಳಲಿಲ್ಲಮ್ಮ. ನೀನು ಇಲ್ಲೇ ಇದೀಯ ಅಂದ್ಕೊಂಡಿದ್ರು. ಜ್ವರದಲ್ಲಿ ನಿನ್ನ ಹೆಸರು ಹಿಡಿದೇ ನನ್ನ ಕರೀತಿದ್ರು. ನಾನೂ ‘ಹೂಂ ಅಣ್ಣಾ’ ಅಂತ ಓಗೊಡ್ತಿದ್ದೆ. ಆ ಮುಖದಲ್ಲಿ ಎಂಥಾ ನೆಮ್ಮದಿ ಇತ್ತು ಗೊತ್ತಾ? ನೀನು ಬಂದ್ರೆ ಅದು ಒಡೆದುಹೋಗುತ್ತೇನೋ, ನಾನು ಯಾರೂ ಅಲ್ಲ ಅಂತ ಆಗಿಬಿಡುತ್ತೇನೋ ಅಂತ ಭಯ ಆಯ್ತು. ಸುದ್ದಿ ಕಳಿಸೋದನ್ನ ಇವತ್ತು ನಾಳೆ ಅಂತ ಮುಂದೂಡಿದೆ.”

ನಾದಿನಿ ಮೆಲ್ಲಗೆ ತಿರುಗಿದಳು. ಕಣ್ಣು ತುಂಬಿತ್ತು, ಕೋಪವೂ ಇತ್ತು.

“ನನ್ನ ಹೆಸರಲ್ಲಿ ಏನೇನು ಮಾತಾಡಿದ್ರಿ ಅವನ ಹತ್ರ?”

“ತುಂಬಾ ಇದೆ. ಒಂದೇ ಸಂಜೇಲಿ ಹೇಳಿ ಮುಗಿಸೋಕಾಗಲ್ಲ.”

ನಾದಿನಿ ಸೆರಗಿನಿಂದ ಮುಖ ಒರೆಸಿಕೊಂಡು, ಕುರ್ಚಿಯನ್ನು ಅತ್ತಿಗೆಯ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದಳು.

“ಮೊದಲಿಂದ ಹೇಳಿ. ಒಂದೂ ಬಿಡಬೇಡಿ.”