ಪುಟಕ್ಕಿಟ್ಟ ಮುದ್ದೆ

ಲಕ್ಷ್ಮಣಾಚಾರಿ ಮುದ್ದೆಯನ್ನು ಮುರಿಯಲಿಲ್ಲ. ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಕುಳಿ ಬಿದ್ದ ಜಾಗವನ್ನು ನೋಡಿದ. ಆಮೇಲೆ ಇಡೀ ಮುದ್ದೆಯನ್ನು ಅಂಗೈಗೆ ತೆಗೆದುಕೊಂಡು ಮೇಲಕ್ಕೂ ಕೆಳಕ್ಕೂ ಆಡಿಸಿದ. ಐವತ್ತು ವರ್ಷ ಚಿನ್ನ ಬೆಳ್ಳಿ ತೂಗಿದ ಕೈ ಅದು. ಗಾತ್ರ ಹಳೆಯದೇ, ತೂಕವೂ ಹೆಚ್ಚುಕಡಿಮೆ ಹಳೆಯದೇ. ಒಳಗಿನ ಬಿಗಿ ಮಾತ್ರ ಹಳೆಯದಾಗಿರಲಿಲ್ಲ.

"ಏನ್ ಸೇರ್ಸಿದ್ದೀಯವ್ವ ಇದ್ಕೆ?" ಎಂದು ಸೊಸೆಯನ್ನು ಕೇಳಿದ.

ಚೈತ್ರ ಬಸ್ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. "ರಾಗಿ ಇಟ್ಟು ಕಣ್ ಮಾವ, ಇನ್ನೇನ್ ಸೇರುಸ್ಲಿ? ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗದೆ. ಅದ್ಕೇ ಕೇಳ್ದೆ."

ನಿಜಕ್ಕೂ ಚೆನ್ನಾಗಿತ್ತು. ಹುರುಳಿಕಾಳು, ದಂಟಿನ ಸೊಪ್ಪು ಬಸಿದ ಸಾರಿಗೆ ತೆಂಗಿನಕಾಯಿ ಇಲ್ಲ, ಬದಲಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ ಹಾಕಿ ರುಬ್ಬಿದ್ದಳು. ತಟ್ಟೆಯ ಅರ್ಧ ಭಾಗ ಸೊಪ್ಪಿನ ಪಲ್ಯವೇ. ಉಂಡರೆ ಹೊಟ್ಟೆ ತುಂಬುತ್ತಿತ್ತು, ನಾಲಿಗೆಯೂ ದೂರು ಹೇಳುತ್ತಿರಲಿಲ್ಲ. ಆದರೆ ಗಂಟೆ ನಾಲ್ಕಾಯಿತೋ, ಮತ್ತೆ ಹೊಟ್ಟೆ ತಾಳ ಹಾಕುತ್ತಿತ್ತು. ಕಳಪೆ ಚಿನ್ನಕ್ಕೇ ಮೆರುಗು ಜಾಸ್ತಿ ಎಂಬುದು ಲಕ್ಷ್ಮಣಾಚಾರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಎರಡು ತಿಂಗಳಿಂದ ಹೀಗೆಯೇ ನಡೆದಿತ್ತು. ಬೆಳಗ್ಗೆ ಎಣ್ಣೆಯ ಪಸೆಯೂ ಇಲ್ಲದ ನುಚ್ಚಿನುಂಡೆ, ಸಂಜೆ ಹೆಸರುಕಾಳಿನ ಉಸಲಿ ಇಲ್ಲವೇ ಸೌತೆಕಾಯಿ ಕೋಸಂಬರಿ. ಅನ್ನ ಭಾನುವಾರಕ್ಕೆ ಮಾತ್ರ. ಕಿಕ್ಕೇರಿ ಪೇಟೆಬೀದಿಯ ಆ ಮನೆಯಲ್ಲಿ ಹಿಂದೆಂದೂ ಇಂಥ ಕಟ್ಟುನಿಟ್ಟು ಇರಲಿಲ್ಲ. ಮಗ ಸುರೇಂದ್ರ ಕೆ.ಆರ್. ಪೇಟೆಯ ಬ್ಯಾಂಕೊಂದರಲ್ಲಿ ಒತ್ತೆ ಚಿನ್ನ ಪರೀಕ್ಷೆ ಮಾಡುವ ಕೆಲಸಕ್ಕೆ ಹೋಗುತ್ತಿದ್ದ. ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಹೋದರೆ ಕತ್ತಲಾದ ಮೇಲೆಯೇ ಬರುವುದು, ಕೇಳಿದರೆ "ಚೆನ್ನಾಗೇ ಅದಲ್ಲಪ್ಪ" ಎನ್ನುತ್ತಿದ್ದ. ಲಕ್ಷ್ಮಣಾಚಾರಿಯ ಹೆಂಡತಿ ಚೆಲುವಮ್ಮ ಬಾಯಿ ಬಿಡುತ್ತಿರಲಿಲ್ಲ. ಅವಳಿಗೆ ಮಂಡಿ ನೋವು. ಹೊಸಿಲು ದಾಟುವಾಗ ಗೋಡೆ ಹಿಡಿಯುತ್ತಿದ್ದಳು. ರಂಗೋಲಿ ಹಾಕಲು ಕೂರಲಾಗದೆ ವರ್ಷವಾಗಿತ್ತು. ಅಂಥವಳು ಸೊಸೆಯ ಮುಂದೆ ಏನು ದನಿ ಎತ್ತಿಯಾಳು?

ಅನುಮಾನ ಬಂದ ಮೇಲೆ ಅಕ್ಕಸಾಲಿ ಸುಮ್ಮನೆ ಕೂರುವವನಲ್ಲ. ಮಾರನೆಯ ದಿನ ಊಟದಲ್ಲಿ ಮುದ್ದೆಯ ಒಂದು ತುಂಡನ್ನು ಬಾಳೆ ಎಲೆಯಲ್ಲಿ ಸುತ್ತಿ ಪಂಚೆಯ ಮಡಿಕೆಗೆ ಸೇರಿಸಿದ. ಬಸ್‌ಸ್ಟ್ಯಾಂಡಿನ ಕುಳ್ಳಮ್ಮನ ಮೆಸ್ಸಿಗೆ ಹೋಗಿ ಒಂದು ಮುದ್ದೆ ಕಟ್ಟಿಸಿಕೊಂಡು ಬಂದ. ಮನೆಯ ಮುಂಭಾಗದ ಅಂಗಡಿಕೋಣೆಯ ಬಾಗಿಲು ಹಾಕಿ ಎರಡರಿಂದಲೂ ಇಪ್ಪತ್ತಿಪ್ಪತ್ತು ಗ್ರಾಂ ತೂಗಿದ. ಎರಡು ತಾಮ್ರದ ತಗಡುಗಳ ಮೇಲೆ ಹರಡಿ ಅಗ್ಗಿಷ್ಟಿಕೆಯ ಕೆಂಡದ ಪಕ್ಕ ಪುಟಕ್ಕಿಟ್ಟ. ಬೆರಕೆ ಎಷ್ಟಿದೆ ಎಂದು ಬೆಂಕಿಗಿಂತ ಚೆನ್ನಾಗಿ ಹೇಳುವವರು ಯಾರೂ ಇಲ್ಲ.

ಗಂಟೆಯ ಮೇಲೆ ನೋಡಿದರೆ ಮೆಸ್ಸಿನ ಮುದ್ದೆ ಒಣಗಿ ಆರು ಗ್ರಾಂ ಉಳಿದಿತ್ತು. ಮನೆಯದು ಮೂರೂವರೆ. ಭೂತಗನ್ನಡಿ ಹಿಡಿದು ನೋಡಿದ. ಕಪ್ಪು ಹಿಟ್ಟಿನ ನಡುವೆ ಸಣ್ಣಸಣ್ಣ ಬಿಳಿ ಎಳೆಗಳು ಕಾಣಿಸಿದವು. ಸೋರೆಕಾಯಿ! ತುರಿದು ಹಿಟ್ಟಿನ ಜೊತೆ ಕೂಡಿಸಿ ತೊಳಸಿದ್ದಾಳೆ. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಎನ್ನುತ್ತಾರೆ, ಇವಳು ಹಿಟ್ಟಿನ ಹೆಸರಲ್ಲಿ ನೀರು ತಿನ್ನಿಸುತ್ತಿದ್ದಾಳೆ.

ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಯಿತು. ಮಿಷನ್ನಿನ ಒಡವೆ ಬಂದ ಮೇಲೆ ಅಂಗಡಿಯಲ್ಲಿ ಕೆಲಸವೇನೂ ಉಳಿದಿರಲಿಲ್ಲ. ಕಾಲುಂಗುರ ಬಿಗಿ ಮಾಡುವುದು, ತಾಳಿಯ ಗುಂಡು ಪೋಣಿಸುವುದು, ಅಷ್ಟೇ. ದುಡಿಯುವ ಕೈ ನಿಂತ ಮೇಲೆ ಉಣ್ಣುವ ಬಾಯಿಗೆ ಅಳತೆ ಬಂತು ಎಂದುಕೊಂಡ. ತನಗಾದರೂ ಸರಿ, ನಲವತ್ತು ವರ್ಷ ಈ ಮನೆಗೆ ಬೇಯಿಸಿ ಹಾಕಿದ ಚೆಲುವಮ್ಮನೂ ಅದನ್ನೇ ಉಣ್ಣಬೇಕೇ? ಅವಳ ಕೆನ್ನೆ ಬೇರೆ ಸ್ವಲ್ಪ ಇಳಿದಿತ್ತು.

ಆ ಶುಕ್ರವಾರ ಸಂಜೆ ಬಸ್‌ಸ್ಟ್ಯಾಂಡಿನ ಗಾಡಿಯಲ್ಲಿ ನಾಲ್ಕು ಈರುಳ್ಳಿ ಬೋಂಡ ಕಟ್ಟಿಸಿದ. ಚೆಲುವಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಲು ನೀಡಿ ಕೂತಿದ್ದಳು. ಅತ್ತಿತ್ತ ನೋಡಿ ಪೊಟ್ಟಣವನ್ನು ಅವಳ ಮಡಿಲಿಗೆ ಹಾಕಿದ.

"ಏನ್ರೀ ಇದು?"

"ತಿನ್ನು. ಬಾಯಿ ಮುಚ್ಕೊಂಡು ತಿನ್ನು. ಅವ್ಳು ಒಳಗವ್ಳೆ."

"ಬ್ಯಾಡ ಕಣ್ರೀ..." ಎಂದಳು ಚೆಲುವಮ್ಮ. ಎಂದವಳು ಪೊಟ್ಟಣ ಬಿಚ್ಚಿದಳು, ಗಂಡನ ಮುಖ ನೋಡಿದಳು, ಏಕೋ ನಕ್ಕಳು. ಹದಿನೆಂಟರ ಹುಡುಗಿ ನಕ್ಕ ಹಾಗೆ ನಕ್ಕಳು. ಸೆರಗು ಮರೆಮಾಡಿಕೊಂಡು ತಿಂದಳು. ಪಕ್ಕದಲ್ಲೇ ನಿಂತು ಅವನೂ ಎರಡು ತಿಂದ. ಅಂದಿನಿಂದ ದಿನಾ ಆರು ಗಂಟೆಗೆ ಹಿತ್ತಿಲು, ಕಲ್ಲು, ಪೊಟ್ಟಣ. ಒಂದು ದಿನ ಬೋಂಡ, ಒಂದು ದಿನ ಮೆಣಸಿನಕಾಯಿ ಬಜ್ಜಿ, ಮತ್ತೊಂದು ದಿನ ಮೈಸೂರು ಪಾಕು. ಅರವತ್ತಾರು ವರ್ಷಕ್ಕೆ ಲಕ್ಷ್ಮಣಾಚಾರಿಗೆ ಸಂಜೆಯಾಗುವುದನ್ನು ಕಾಯುವ ಅಭ್ಯಾಸ ಹತ್ತಿತು.

ಎರಡು ವಾರ ದಾಟಿತು. ಒಂದು ಸೋಮವಾರ ಮಧ್ಯಾಹ್ನ ನೀರು ಕುಡಿಯಲೆಂದು ಅಡುಗೆಮನೆಗೆ ಹೋದವನ ಕಣ್ಣು ಬಾಗಿಲ ಹಿಂದಿನ ಕ್ಯಾಲೆಂಡರಿನ ಮೇಲೆ ಬಿತ್ತು. ಸೋಮವಾರದ ಚೌಕಗಳಲ್ಲೆಲ್ಲ ಪೆನ್ಸಿಲಿನಲ್ಲಿ ಸಣ್ಣ ಅಂಕಿಗಳಿದ್ದವು. ಹಿಂದಿನ ಹಾಳೆಗಳನ್ನು ಮಗುಚಿದ. 84.2, 83.6, 82.9... ಹೀಗೇ ಇಳಿಯುತ್ತ 80.9ರವರೆಗೆ ಬಂದಿತ್ತು. ಆಮೇಲೆ 81.3, 81.9. ಅಂದಿನ ಚೌಕದಲ್ಲಿ 82.4.

ಆ ಮನೆಯಲ್ಲಿ ಮೂರು ತಲೆಮಾರಿನಿಂದ ಚುಕ್ಕಿ ಇಟ್ಟು ಬರೆದ ಅಂಕಿ ಎಂದರೆ ಚಿನ್ನ ಒಂದೇ. ಚೆಲುವಮ್ಮನ ಎರಡೆಳೆ ಸರ, ಬಳೆ, ಓಲೆ ಎಲ್ಲ ಅವನ ಕೈಯಿಂದಲೇ ಆದದ್ದು. ಒಟ್ಟು ಎಂಬತ್ನಾಲ್ಕೂವರೆ ಗ್ರಾಂ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಅವಳಿಗೆ ಬಗ್ಗಲಾಗುವುದಿಲ್ಲವೆಂದು ಟ್ರಂಕಿನ ಬೀಗದಕೈ ಇದ್ದದ್ದು ಸೊಸೆಯ ಸೊಂಟದಲ್ಲಿ. ವಾರಕ್ಕಿಷ್ಟು ಅರ ಹಾಕಿ ಕೆರೆದಿದ್ದಾಳೆ! ಹಾಗಾದರೆ ಕೊನೆಗೆ ಏರಿದ್ದು ಹೇಗೆ? ಅದಕ್ಕೂ ಅವನಲ್ಲಿ ಉತ್ತರವಿತ್ತು. ಕದ್ದ ಮೇಲೆ ತಾಮ್ರ ಬೆರೆಸಿ ತೂಕ ಸರಿಮಾಡುವುದು. ಅದು ಅವನಿಗೆ ಹೇಗೆ ಗೊತ್ತು ಎಂದು ಯಾರೂ ಕೇಳಬಾರದು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲವಂತೆ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಂತೆ. ಈ ಎರಡೂ ಗಾದೆ ಹುಟ್ಟಿದ್ದು ಒಂದೇ ಬೀದಿಯಲ್ಲಿದ್ದರೂ ಇರಬಹುದು.

ಅಂದು ಸಂಜೆಯೂ ಬಸ್‌ಸ್ಟ್ಯಾಂಡಿಗೆ ಹೋಗಿ ಬಂದ, ಆದರೆ ಹಿತ್ತಿಲಿಗೆ ಹೋಗಲಿಲ್ಲ. ಪೊಟ್ಟಣವಿದ್ದ ಕೈಚೀಲವನ್ನು ತೋಳಿಗೆ ನೇತುಹಾಕಿಕೊಂಡೇ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯನ್ನೂ ಒರೆಗಲ್ಲನ್ನೂ ತಂದು ನಡುಮನೆಯಲ್ಲಿಟ್ಟ.

"ಟ್ರಂಕಿನ್ ಬೀಗ ತಗಿಯವ್ವ. ನಿಮ್ಮತ್ತೆ ಒಡವೆ ತತ್ತಾ."

ಚೈತ್ರ ಅತ್ತೆಯ ಮುಖ ನೋಡಿದಳು. ಚೆಲುವಮ್ಮ ಗೋಡೆ ಹಿಡಿದು ಬಂದು ಕುರ್ಚಿಯಲ್ಲಿ ಕೂತಳು. "ಏನಾಯ್ತ್ರೀ? ಇವತ್ಯಾಕೆ ಒಡ್ವೆ?"

"ನೀ ಸುಮ್ಕಿರೆ. ಯಾಕೆ ಅಂತ ಅವ್ಳಿಗೆ ಗೊತ್ತದೆ."

ಒಡವೆ ಬಂತು. ಒಂದೊಂದನ್ನೇ ತಟ್ಟೆಯ ಮೇಲಿಟ್ಟ. ಕೆಂಪು ಅಂಕಿಗಳು ಓಡಿ ಓಡಿ 84.5ಕ್ಕೆ ಬಂದು ನಿಂತವು. ಅವನು ನಂಬಲಿಲ್ಲ. ತೆಗೆದು, ಒರೆಸಿ, ಮತ್ತೆ ಇಟ್ಟ. 84.5. ಬಳೆಯನ್ನು ಒರೆಗಲ್ಲಿಗೆ ಉಜ್ಜಿದ. ಎದ್ದ ಗೆರೆ ಅವನು ಮಾಡಿಕೊಟ್ಟ ದಿನದಷ್ಟೇ ಹಳದಿಯಾಗಿತ್ತು. ತಪ್ಪು ತನ್ನದೆಂದು ತಿಳಿದ ಮೇಲೆ ದನಿ ಏರುವುದು ಗಂಡಸಿನ ಜಾಯಮಾನ. "ಅಂಗಾರೆ ಆ ಕ್ಯಾಲೆಂಡ್ರಲ್ಲಿ ಬರ್ದಿರೋದು ಯಾರ್ ಚಿನ್ನವ್ವ? ವಾರವಾರ ತೂಗಿ ಬರ್ಕೊಂಡಿದ್ದೀಯಲ್ಲ, ಯೋಳು!"

ಚೈತ್ರಳಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. "ಅದು ಚಿನ್ನ ಅಲ್ಲ ಮಾವ," ಎಂದಳು. "ಅತ್ತೆ."

"ಏನಂದೆ?"

"ಅತ್ತೆ ತೂಕ. ಗ್ರಾಮಲ್ಲ, ಕೇಜಿ."

ಚೆಲುವಮ್ಮ ನಾಚಿಕೆಯಿಂದ ತಲೆ ತಗ್ಗಿಸಿದಳು. "ಯೋಳ್ಬ್ಯಾಡ ಅಂದಿದ್ನಲ್ಲವ್ವ," ಎಂದು ಗೊಣಗಿದಳು. ಆದರೆ ಚೈತ್ರಳಿಗೆ ಸಾಕಾಗಿತ್ತು, ಎಲ್ಲ ಹೇಳಿದಳು. ಮೈಸೂರಿನ ಡಾಕ್ಟರು ಮಂಡಿ ಆಪರೇಷನ್ನಿಗೆ ಒಪ್ಪಿದ್ದಾರೆ, ಆದರೆ ತೂಕ ಎಪ್ಪತ್ತೆಂಟಕ್ಕೆ ಇಳಿಯಬೇಕು. ಇಳಿದರೆ ಮುಂದಿನ ತಿಂಗಳು ಇಪ್ಪತ್ತನೇ ತಾರೀಖು. ಅತ್ತೆ ಬೇರೆ ಅಡುಗೆ ಮಾಡಿಕೊಂಡು ತಿನ್ನಲು ಒಪ್ಪಲಿಲ್ಲ. ಅವರಿಗೊಂದು ಊಟ, ನನಗೊಂದು ಊಟ ಅಂತ ಈ ಮನೆಯಲ್ಲಿ ಯಾವತ್ತೂ ಇಲ್ಲ ಎಂದುಬಿಟ್ಟರು. ಅದಕ್ಕೇ ಫೋನಿನಲ್ಲಿ ನೋಡಿ, ದೇವಲಾಪುರದ ತನ್ನವ್ವನನ್ನು ಕೇಳಿ, ಹೊಟ್ಟೆಯೂ ತುಂಬುವ ರುಚಿಯೂ ಕೆಡದ ಅಡುಗೆ ಹುಡುಕಿ ಇಡೀ ಮನೆಗೇ ಮಾಡಿದಳು.

"ನಂಗ್ಯಾಕ್ ಯೋಳ್ನಿಲ್ಲ?" ಎಂದ ಲಕ್ಷ್ಮಣಾಚಾರಿ. ದನಿ ಇಳಿದಿತ್ತು.

"ತೂಗೋರ್ ಮುಂದೆ ತೂಕ ಯೋಳಕ್ಕೆ ನಂಗೆ ನಾಚ್ಕೆ ಆಗಕಿಲ್ವಾ?" ಎಂದಳು ಚೆಲುವಮ್ಮ ನೆಲ ನೋಡುತ್ತ.

ಚೈತ್ರಳ ಕಣ್ಣು ತುಂಬಿತ್ತು. "ಚೆನ್ನಾಗ್ ಇಳೀತಿತ್ತು ಮಾವ. ಮೂರ್ ವಾರದಿಂದ ಏರ್ತಾನೇ ಅದೆ. ಎಣ್ಣೆ ಚಮಚದಲ್ ಅಳ್ದು ಆಕ್ತೀನಿ. ಉಪ್ಪಿಂದ ಮೈಯಲ್ಲಿ ನೀರು ನಿಂತಿರ್ಬೇಕು ಅಂತ ಉಪ್ಪೂ ಕಮ್ಮಿ ಮಾಡ್ದೆ. ನಾನೇ ಎಲ್ಲೋ ತಪ್ತಾ ಇದ್ದೀನಿ. ಎಲ್ಲಿ ಅಂತ ಗೊತ್ತಾಯ್ತಿಲ್ಲ."

ಲಕ್ಷ್ಮಣಾಚಾರಿ ಎದ್ದು ಹೋಗಿ ಕ್ಯಾಲೆಂಡರನ್ನು ಮತ್ತೊಮ್ಮೆ ನೋಡಿದ. 80.9 ಒಂದು ಸೋಮವಾರ. ಅದೇ ವಾರದ ಶುಕ್ರವಾರ ಅವನು ಮೊದಲ ಪೊಟ್ಟಣ ತಂದದ್ದು. ಮುಂದಿನ ಸೋಮವಾರ 81.3. ಬೆರಳಿಟ್ಟು ಒಂದು ಸಲ ಎಣಿಸಿದ, ಎರಡನೆಯ ಸಲ ಎಣಿಸಬೇಕಾಗಲಿಲ್ಲ. ತಿರುಗಿ ಹೆಂಡತಿಯ ಕಡೆ ನೋಡಿದ. ಚೆಲುವಮ್ಮ ಸೆರಗಿನ ಅಂಚಿನಲ್ಲಿದ್ದ ಎಣ್ಣೆಯ ಕಲೆಯನ್ನು ಮಡಿಕೆಯೊಳಗೆ ಸೇರಿಸುತ್ತಿದ್ದಳು. ಅವನು ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಸೊಸೆ ತನ್ನ ಚಮಚವನ್ನೇ ಅನುಮಾನಿಸುತ್ತ ಇರುತ್ತಾಳೆ.

ಬಂದು ಕೂತ. ತಕ್ಕಡಿಯ ಮೇಲಿಂದ ಒಡವೆಗಳನ್ನು ತೆಗೆದ. ಕೈಚೀಲದೊಳಗಿನ ಪೊಟ್ಟಣವನ್ನು ಹೊರತೆಗೆದು ಅದೇ ತಟ್ಟೆಯ ಮೇಲಿಟ್ಟ. ಕಾಗದದಿಂದ ಎಣ್ಣೆ ಜಿನುಗುತ್ತಿತ್ತು. ಕೆಂಪು ಅಂಕಿ ಓಡಿ 162ಕ್ಕೆ ನಿಂತಿತು. ಬದುಕಿನಲ್ಲಿ ಒಂದು ಗುಂಜಿಯ ಲೆಕ್ಕವನ್ನೂ ಯಾರ ಮುಂದೆಯೂ ಒಪ್ಪಿಸದಿದ್ದವನು ಸೊಸೆಯ ಮುಖ ನೋಡದೆ ಹೇಳಿದ:

"ದಿನಾ ಇಷ್ಟು. ಎಲ್ಡು ನಂದು, ಎಲ್ಡು ಅವ್ಳ್ದು."

ಚೈತ್ರ ಅತ್ತೆಯ ಕಡೆ ತಿರುಗಿದಳು. "ಅತ್ತೆ! ನಿಮ್ಗೆ ಗೊತ್ತಿತ್ತಲ್ಲ? ಬ್ಯಾಡ ಅನ್ನಬಾರ್ದಿತ್ತಾ?"

"ಅಂದೆ ಕಣವ್ವ, ಒಂದ್ಸಲ," ಎಂದಳು ಚೆಲುವಮ್ಮ. "ಮದ್ವೆಯಾಗಿ ನಲವತ್ತು ವರ್ಸಕ್ಕೆ ನಂಗೇ ಅಂತ ಕಟ್ಟಿಸ್ಕೊಂಡು ಬಂದ್ರು. ದಿನಾ ಬ್ಯಾಡ ಅನ್ನಕ್ಕಾಯ್ತದಾ?"

ಚೈತ್ರ ಒಡವೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿದಳು. ಬೀಗದಕೈಯನ್ನು ಸೊಂಟದಿಂದ ತೆಗೆದು ಮಾವನ ಮುಂದೆ ಇಟ್ಟಳು. ಅವನು ಅದನ್ನು ಮುಟ್ಟಲಿಲ್ಲ. "ನಿನ್ನತ್ರನೇ ಇರ್ಲಿ ಬುಡವ್ವ," ಎಂದ. ಎರಡು ಸಲ ಹೇಳಿದ ಮೇಲೆ ಅವಳು ಎತ್ತಿಕೊಂಡಳು.

ಮಾರನೆಯ ಬೆಳಗ್ಗೆ ಚೈತ್ರ ಆಸ್ಪತ್ರೆಗೆ ಫೋನು ಮಾಡಿದಳು. ತಾರೀಖು ಎರಡು ತಿಂಗಳು ಮುಂದಕ್ಕೆ ಹೋಯಿತು. ಚೆಲುವಮ್ಮ "ಹೋಗ್ಲಿ ಬುಡು" ಎಂದು ಗೋಡೆ ಹಿಡಿದುಕೊಂಡು ಹೊಸಿಲು ದಾಟಿದಳು. ಲಕ್ಷ್ಮಣಾಚಾರಿ ಅದನ್ನು ನೋಡಿದ. ಎರಡು ತಿಂಗಳೆಂದರೆ ಅವಳು ಎಷ್ಟು ಸಲ ಹೊಸಿಲು ದಾಟಬೇಕು ಎಂದು ಲೆಕ್ಕ ಹಾಕಹೋಗಿ ಅರ್ಧಕ್ಕೇ ಬಿಟ್ಟ. ಮಧ್ಯಾಹ್ನ ಮುದ್ದೆ ಬಡಿಸಿದಾಗ ಒತ್ತಿ ನೋಡಲಿಲ್ಲ, ತೂಗಲಿಲ್ಲ. ಮುರಿದು, ಬಸ್ಸಾರಿಗೆ ಅದ್ದಿ ನುಂಗಿದ.

ಸಂಜೆ ಆರಕ್ಕೆ ಚೆಲುವಮ್ಮ ಹಿತ್ತಿಲ ಕಲ್ಲಿನ ಮೇಲೆ ಬಂದು ಕೂತಿದ್ದಳು. ಇನ್ನು ಬೋಂಡ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಎಂದಿನ ಹಾಗೆ ತಲೆ ಬಾಚಿಕೊಂಡಿದ್ದಳು. ಲಕ್ಷ್ಮಣಾಚಾರಿ ಅಡುಗೆಮನೆಯ ಕಡೆಯಿಂದ ಬಂದ. ಅತ್ತಿತ್ತ ನೋಡಿ, ಹಳೇ ಪೇಪರಿನ ಒಂದು ಪೊಟ್ಟಣವನ್ನು ಅವಳ ಮಡಿಲಿಗೆ ಹಾಕಿ ಪಕ್ಕದಲ್ಲಿ ಕೂತ. ಅವಳು ಬಿಚ್ಚಿದಳು. ಉದ್ದಕ್ಕೆ ಹೆಚ್ಚಿ, ಉಪ್ಪು ಕಾರ ಸವರಿದ ಸೌತೆಕಾಯಿ. ಒಂದು ಹೋಳು ದಪ್ಪ, ಒಂದು ತೆಳು. ಹೆಚ್ಚಿದ್ದು ಯಾರೆಂದು ಕೇಳಬೇಕಾಗಿರಲಿಲ್ಲ.

ಕಾಗದದ ಮೇಲೆ ಎಣ್ಣೆಯ ಕಲೆ ಇರಲಿಲ್ಲ. ಆದರೂ ಚೆಲುವಮ್ಮ ಸೆರಗು ಮರೆಮಾಡಿಕೊಂಡೇ ತಿಂದಳು.